ಹಿತ್ತಿಲಲ್ಲಿ ಉಳಿದ ಸೀಸ

ಫೆಬ್ರವರಿ 11

ಗುಬ್ಬಿ,

ನನ್ನ ಅಕ್ಷರ ನೋಡಿ ಯಾರೋ ಹೋದರೇನೋ ಎಂದು ನಿನ್ನ ಎದೆ ಧಸಕ್ಕೆಂದಿರಬಹುದು. ಯಾರೂ ಹೋಗಿಲ್ಲ. ಮಂಡಿ ಒಂದು ಬಿಟ್ಟರೆ ನಾನು ಗಟ್ಟಿಯಾಗಿದ್ದೇನೆ. ಮಗಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಈಗ ಮೇಲ್ವಿಚಾರಕಿ. ಅಳಿಯ ವರ್ಷಕ್ಕೆ ಎಂಟು ತಿಂಗಳು ಹಡಗಿನ ಮೇಲೆ. ಅವರ ಮಗುವನ್ನು ನೀನು ನೋಡಿಲ್ಲ. ನಾಲ್ಕು ವರ್ಷ, ಮರಿ ಅನ್ನುತ್ತೇವೆ. ಹಗಲೆಲ್ಲ ನನ್ನ ಸೆರಗು ಹಿಡಿದುಕೊಂಡೇ ಇರುತ್ತಾಳೆ.

ಫೋನ್ ಮಾಡಬಹುದಿತ್ತು. ಮಗಳು ನಿನ್ನ ನಂಬರ್ ಹುಡುಕಿಯೂ ಕೊಟ್ಟಳು. ಆದರೆ ನಿನ್ನ ದನಿ ಕೇಳಿದರೆ ನಾನು ಹನ್ನೊಂದು ವರ್ಷದ ಹಿಂದಿನ ಜಗಳಕ್ಕೇ ಹೋಗಿಬಿಡುತ್ತೇನೆ. ಅಮ್ಮ ತೀರಿಕೊಂಡ ದಿನ ಎಲ್ಲರೆದುರು ನಾನು ನಿನಗೆ ಏನಂದೆ ಎಂಬುದು ನನಗೂ ನೆನಪಿದೆ. ಕಾಗದದಲ್ಲಾದರೆ ಬೇಡದ ಸಾಲನ್ನು ಹೊಡೆದು ಹಾಕಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ಕೋಳಿಗಳದ್ದು. ನೀನು ಕೋಳಿ ಮೇವಿನ ಸಂಶೋಧನಾ ಕೇಂದ್ರದಲ್ಲಿ ಇರುವವಳು, ನಗಬೇಡ. ನಮ್ಮ ಹಿತ್ತಿಲಲ್ಲಿ ಹದಿನಾಲ್ಕು ಹೇಂಟೆ, ಒಂದು ಹುಂಜ ಇದ್ದವು. ತಿಂಗಳಿಂದ ಒಂದೊಂದೇ ಸೊರಗುತ್ತಿವೆ. ಜುಟ್ಟು ಬಿಳಿಚಿಕೊಂಡಿದೆ, ಹಿಕ್ಕೆ ಹಸಿರು, ಮೊಟ್ಟೆ ನಿಂತೇ ಹೋಯಿತು. ಪಶುವೈದ್ಯರು ಬಂದು ಸೂಜಿ ಹಾಕಿ ಹೋದರು. ಮೂರು ಸತ್ತವು.

ಇಷ್ಟೇ ಆಗಿದ್ದರೆ ನಿನಗೆ ಬರೆಯುತ್ತಿರಲಿಲ್ಲ. ಹೋದ ಸೋಮವಾರ ಬೆಳಿಗ್ಗೆ ಬಕೆಟ್ ಹಿಡಿದು ಹಿಂಬಾಗಿಲು ತೆಗೆದೆ. ಕೆಂಚು ಹೇಂಟೆ ಬಟ್ಟೆ ಒಗೆಯುವ ಕಲ್ಲಿನ ಸುತ್ತ ಸುತ್ತುತ್ತಿತ್ತು. ರೆಕ್ಕೆ ಇಳಿಬಿಟ್ಟಿತ್ತು, ಎಡಗಾಲು ಎಳೆಯುತ್ತಿತ್ತು. ಒಂದು ಸುತ್ತು ಮುಗಿದರೆ ನಿಲ್ಲುವುದು, ತಲೆ ಓರೆ ಮಾಡಿ ಯಾರೋ ಕರೆದ ಹಾಗೆ ಆಲಿಸುವುದು, ಮತ್ತೆ ಸುತ್ತು. ಬಕೆಟ್ ನನ್ನ ಕೈಯಿಂದ ಜಾರಿತು.

ಗುಬ್ಬಿ, ಅದು ಗುಂಡನ ನಡಿಗೆ. ಅದೇ ಕಲ್ಲು, ಅದೇ ಎಡಗಾಲು. ಮೂವತ್ತೆಂಟು ವರ್ಷದ ಹಿಂದೆ ಸತ್ತ ನಮ್ಮ ತಮ್ಮ ಒಂಬತ್ತು ವರ್ಷದವನಾಗಿಯೇ ನನ್ನ ಹಿತ್ತಿಲಲ್ಲಿ ನಡೆಯುತ್ತಿದ್ದ. ಈಗ ನಾಲ್ಕು ಕೋಳಿಗಳು ಹಾಗೆ ನಡೆಯುತ್ತಿವೆ. ಪಕ್ಕದ ಮನೆಯ ಹೊಲಿಗೆಯವಳು ಗೋಡೆಯ ಮೇಲಿಂದ ನೋಡಿ, "ನಿಮ್ಮ ತಮ್ಮ ವಾಪಸ್ ಬಂದಿದಾನೆ ಕಣ್ರೀ, ನಾನು ಚಿಕ್ಕೋಳಿದ್ದಾಗ ಅವನನ್ನ ನೋಡಿಲ್ವಾ," ಅಂದಳು. ನಾನು ಅವಳನ್ನು ಬೈದು ಕಳಿಸಿದೆ. ಆಮೇಲೆ ಒಳಗೆ ಬಂದು ನಿನಗೆ ಬರೆಯಲು ಕಾಗದ ಹುಡುಕಿದೆ.

ನನಗೆ ದೆವ್ವದಲ್ಲಿ ನಂಬಿಕೆ ಇಲ್ಲ. ಇಲ್ಲ ಎಂದು ಯಾರಾದರೂ ಓದಿದವರ ಬಾಯಿಂದ ಕೇಳಬೇಕಾಗಿದೆ, ಅಷ್ಟೆ.

ನಿನ್ನ
ಅಕ್ಕ

*

ಫೆಬ್ರವರಿ 20

ಅಕ್ಕ,

ಪತ್ರ ತಲುಪಿತು. ದೆವ್ವವಲ್ಲ. ಕೋಳಿ ಸುತ್ತು ತಿರುಗುವುದಕ್ಕೆ ಹತ್ತಾರು ಕಾರಣಗಳಿವೆ, ಎಲ್ಲಕ್ಕೂ ಪರೀಕ್ಷೆಗಳಿವೆ.

ಕೆಳಗಿನವನ್ನು ಪಾರ್ಸಲ್ ಮಾಡು. ಸತ್ತ ಕೋಳಿ ಸಿಕ್ಕರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಐಸ್ ಪೆಟ್ಟಿಗೆಯಲ್ಲಿ. ಒಂದು ಹಿಡಿ ಮೇವು. ಕುಡಿಯುವ ನೀರು ಒಂದು ಬಾಟಲಿ. ಕೋಳಿಗಳು ಕೆದಕುವ ಜಾಗದ ಮಣ್ಣು, ಕಲ್ಲಿನ ಹತ್ತಿರದ್ದು ಬೇರೆ, ಗೋಡೆಯ ಹತ್ತಿರದ್ದು ಬೇರೆ. ಚೀಲಗಳ ಮೇಲೆ ಎಲ್ಲಿಯದೆಂದು ಬರೆ. ಮಣ್ಣು ಮುಟ್ಟಿದ ಮೇಲೆ ಕೈಯನ್ನು ಸೋಪು ಹಾಕಿ ತೊಳೆದುಕೋ. ಮಗುವನ್ನು ಹಿತ್ತಿಲಿಗೆ ಬಿಡಬೇಡ.

ಇತ್ತೀಚೆಗೆ ಅಲ್ಲಿ ಏನಾದರೂ ಅಗೆಸಿದ್ದೀಯಾ? ಅಪ್ಪನ ಬ್ಯಾಟರಿ ಷೆಡ್ ಇದ್ದ ಜಾಗ ಈಗ ಹೇಗಿದೆ?

ಇಷ್ಟು ಸಾಕು. ಆರೋಗ್ಯ ನೋಡಿಕೋ.

ಗುಬ್ಬಿ

*

ಮಾರ್ಚ್ 2

ಗುಬ್ಬಿ,

ಹನ್ನೊಂದು ವರ್ಷದ ಮೇಲೆ ಬರೆದ ಕಾಗದ ನೀರಿನ ಬಿಲ್ಲಿನ ಹಾಗಿದೆ. ಆದರೂ ಎರಡು ಸಲ ಓದಿದೆ.

ಪಾರ್ಸಲ್ ಕಳಿಸಿದ್ದೇನೆ. ಅಂಚೆಯವನು ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಿದ. ಸತ್ತ ಹುಂಜ ಎಂದೆ. ನಗುತ್ತಾ ಮುದ್ರೆ ಒತ್ತಿದ, ತಮಾಷೆ ಅಂದುಕೊಂಡ.

ಅಗೆಸಿದ್ದು ಹೌದು. ನಿನಗೆ ಅದು ಹೇಗೆ ಹೊಳೆಯಿತು? ಡಿಸೆಂಬರಿನಲ್ಲಿ ಹೊಸ ನೀರಿನ ಪೈಪ್ ಹಾಕಿಸಿದೆವು. ಷೆಡ್ ಬಿದ್ದುಹೋಗಿ ಎಷ್ಟೋ ಕಾಲವಾಯಿತು, ಅದರ ಮೇಲೆಲ್ಲ ಹುಲ್ಲು. ಪೈಪಿನವರು ಎರಡು ಅಡಿ ತೋಡಿದಾಗ ಕಪ್ಪು ಡಬ್ಬಿಗಳ ಚೂರು, ಬೂದು ಬಣ್ಣದ ಹಿಟ್ಟಿನಂಥ ಮಣ್ಣು ಸಿಕ್ಕಿತು. ಅಪ್ಪ ಹಳೆಯ ಬ್ಯಾಟರಿ ಒಡೆದು ಒಳಗಿನ ತಗಡು ಕಾಯಿಸುತ್ತಿದ್ದರಲ್ಲ, ಅದರ ಕಸವೆಲ್ಲ ಅಲ್ಲೇ ಹೂತಿದ್ದಾರೆ. ಆ ಮಣ್ಣನ್ನು ಕಲ್ಲಿನ ಪಕ್ಕ ಗುಡ್ಡೆ ಹಾಕಿದರು. ಕೋಳಿಗಳಿಗೆ ಹೊಸ ಗುಡ್ಡೆ ಎಂದರೆ ಸಂಭ್ರಮ, ಇಡೀ ದಿನ ಅದರಲ್ಲೇ ಹೊರಳಾಡುತ್ತಿದ್ದವು.

ಅಪ್ಪನ ಕೈ ನೆನಪಿದೆಯಾ? ಬೆರಳ ಸಂದಿನಲ್ಲಿ ಎಷ್ಟು ಉಜ್ಜಿದರೂ ಹೋಗದ ಕಪ್ಪು. ಆ ಕೈಯಲ್ಲೇ ಗುಂಡನನ್ನು ಎತ್ತಿಕೊಳ್ಳುತ್ತಿದ್ದರು. ಅವನು ಮೂರು ವರ್ಷದವರೆಗೆ ಎಷ್ಟು ಚುರುಕು. ಮಾತು ನನಗಿಂತ ಮೊದಲು ಬಂತು ಎಂದು ಅಮ್ಮ ನನ್ನನ್ನೇ ರೇಗಿಸುತ್ತಿದ್ದಳು. ಆಮೇಲೆ ಒಂದೊಂದೇ ಮಾತು ಉದುರಿಹೋಯಿತು. ಹೊಟ್ಟೆನೋವು, ಬಿಳಿಚಿದ ಮುಖ, ಫಿಟ್ಸ್. ವೈದ್ಯರು ರಕ್ತ ಕಡಿಮೆ, ಹಾಲು ಮೊಟ್ಟೆ ಚೆನ್ನಾಗಿ ಕೊಡಿ ಎಂದರು.

ಏಕೆ ಇದೆಲ್ಲ ಬರೆಯುತ್ತಿದ್ದೇನೋ. ಮೊನ್ನೆಯಿಂದ ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿಟ್ಟಿದ್ದೇನೆ. ಒಳಗೆ ಕೂತರೂ ಎಡಗಾಲು ಎಳೆಯುವ ಸದ್ದು ಗೊತ್ತಾಗುತ್ತದೆ. ಕೋಳಿಯದು ಅಂತ ಗೊತ್ತು. ಆದರೂ ಎದ್ದು ನೋಡುವುದಿಲ್ಲ.

ಅಕ್ಕ

*

ಮಾರ್ಚ್ 19

ಅಕ್ಕ,

ಫಲಿತಾಂಶ ಬಂದಿದೆ. ಸೀಸ. ಕಲ್ಲಿನ ಪಕ್ಕದ ಮಣ್ಣಿನಲ್ಲಿ ವಿಪರೀತ, ಗೋಡೆಯ ಕಡೆ ಕಡಿಮೆ, ಆದರೆ ಇದೆ. ಕೋಳಿಯ ಯಕೃತ್ತು, ಮೂತ್ರಪಿಂಡ ಎರಡರಲ್ಲೂ ಸೀಸ. ನೀರು, ಮೇವು ಶುದ್ಧ.

ಸೀಸ ಒಳಹೊಕ್ಕರೆ ದೇಹಕ್ಕೆ ಒಂದು ಬಗೆಯ ತುಕ್ಕು ಹಿಡಿಸುತ್ತದೆ. ಯಕೃತ್ತು, ರಕ್ತ, ನರ ಒಂದೊಂದೇ ಸವೆಯುತ್ತವೆ. ಆ ತುಕ್ಕನ್ನು ತಡೆಯಲು ದೇಹದಲ್ಲಿ ಕಾವಲು ಇರುತ್ತದೆ, ಸೀಸ ಮೊದಲು ಆ ಕಾವಲನ್ನೇ ಮುರಿಯುತ್ತದೆ. ಮೇವಿನಲ್ಲಿ ವಿಟಮಿನ್ ಇ, ವಿಟಮಿನ್ ಸಿ, ಸೆಲೆನಿಯಂ ಎಂಬ ಖನಿಜ, ಬೆಳ್ಳುಳ್ಳಿ ಪುಡಿ ಬೆರೆಸಿದರೆ ಕಾವಲು ಮತ್ತೆ ಎದ್ದು ನಿಲ್ಲುತ್ತದೆ. ಇವಕ್ಕೆ ಆಂಟಿಆಕ್ಸಿಡೆಂಟ್ ಎನ್ನುತ್ತಾರೆ. ಕಾಕತಾಳೀಯ ಎನ್ನಬೇಕೋ ಏನೋ, ಆರು ವರ್ಷಗಳಿಂದ ನನ್ನ ಕೆಲಸ ಇದೇ. ಮಾಂಸದ ಕೋಳಿಮರಿಗಳನ್ನು ನಾಲ್ಕು ಗೂಡುಗಳಲ್ಲಿಟ್ಟು ನೋಡುತ್ತೇವೆ. ಬರೀ ಸೀಸ ತಿಂದ ಗೂಡಿನವು ನಿನ್ನ ಕೆಂಚಿಯ ಹಾಗೆ ಕಾಲೆಳೆಯುತ್ತವೆ. ಸೀಸದ ಜೊತೆಗೆ ಇವನ್ನೂ ತಿಂದ ಗೂಡಿನವು ಎದ್ದು ಓಡಾಡುತ್ತವೆ.

ನಾನೇ ಅಳೆದು ಬೆರೆಸಿದ ಪುಡಿಯ ಪೊಟ್ಟಣಗಳನ್ನು ಕಳಿಸಿದ್ದೇನೆ. ಐದು ಕಿಲೋ ಮೇವಿಗೆ ಒಂದು. ಚೆನ್ನಾಗಿ ಆಗಲಿ ಎಂದು ಎರಡು ಹಾಕಬೇಡ, ನಿನ್ನ ಕೈ ನನಗೆ ಗೊತ್ತು. ಸೆಲೆನಿಯಂ ಹೆಚ್ಚಾದರೆ ಅದೇ ವಿಷ. ಕೋಳಿಗಳನ್ನು ಇವತ್ತೇ ಮುಂದಿನ ಇಟ್ಟಿಗೆ ನೆಲದ ಮೇಲೆ ಕೂಡಿಹಾಕು. ಆ ಗುಡ್ಡೆಗೆ ಟಾರ್ಪಾಲು ಮುಚ್ಚು. ಸದ್ಯಕ್ಕೆ ಅವುಗಳ ಮೊಟ್ಟೆ, ಮಾಂಸ ಯಾವುದೂ ಬೇಡ.

ನಿನ್ನ ಮಾತು ಸರಿ, ಪತ್ರ ಬಿಲ್ಲಿನ ಹಾಗೆಯೇ ಇದೆ. ಬೇರೆ ಥರ ಬರೆಯಲು ಕೂತೆ. ಆಗಲಿಲ್ಲ.

ಗುಬ್ಬಿ

*

ಏಪ್ರಿಲ್ 25

ಗುಬ್ಬಿ,

ನಿನ್ನ ಪುಡಿ ಕೆಲಸ ಮಾಡಿದೆ. ಮೊದಲ ವಾರ ಎರಡು ಸತ್ತವು. ನಾನು ಪೊಟ್ಟಣಗಳನ್ನು ನೋಡಿ, ಓದಿದವರೆಲ್ಲ ಇಷ್ಟೇ ಎಂದುಕೊಂಡೆ. ಮೂರನೇ ವಾರ ಕೆಂಚಿ ಎಡಗಾಲನ್ನು ಊರಿ ನಿಂತಿತು. ಇವತ್ತು ಮರಿಯ ಕೈಯಿಂದ ಬಿಸ್ಕತ್ತು ಕಸಿದುಕೊಂಡು ಓಡಿತು. ಅಳುತ್ತಿದ್ದ ಮಗುವನ್ನು ಬಿಟ್ಟು ನಾನು ಕೋಳಿಯನ್ನು ನೋಡಿ ನಗುತ್ತಾ ನಿಂತೆ. ಜುಟ್ಟು ಕೆಂಪೇರಿದೆ. ಮೇವಿನಿಂದ ಬೆಳ್ಳುಳ್ಳಿ ವಾಸನೆ ಹೊಡೆಯುತ್ತದೆ. ಮುಂಬಾಗಿಲಿಗೆ ಬಂದವರೆಲ್ಲ ಒಳಗೆ ಏನು ಒಗ್ಗರಣೆ ಎಂದು ಕೇಳುತ್ತಾರೆ.

ಎರಡು ಪೊಟ್ಟಣ ಹಾಕಿಲ್ಲ. ಹಾಕಬೇಕು ಅನ್ನಿಸಿದ್ದು ನಿಜ.

ಒಂದು ಮಾತು ಕೇಳಬೇಕು. ನೀನು ಬರೆದ ಲಕ್ಷಣಗಳನ್ನು ಮಗಳಿಗೆ ಓದಿ ಹೇಳುತ್ತಿದ್ದೆ. ರಕ್ತ ಕಡಿಮೆಯಾಗುವುದು, ನರ ಸವೆಯುವುದು, ಕಾಲೆಳೆಯುವುದು. ಅವಳು ತಡೆದು, "ಅಮ್ಮ, ಇದು ಕೋಳಿ ವಿಷಯಾನಾ, ಮಾವನ ವಿಷಯಾನಾ?" ಎಂದಳು. ನಾನು ಕಾಗದ ಮಡಿಸಿಟ್ಟೆ.

ಗುಂಡನಿಗೂ ಸೀಸವೇ ಏನು? ಹೌದು ಅಥವಾ ಇಲ್ಲ, ಒಂದು ಪದ ಬರೆ ಸಾಕು.

ಅಕ್ಕ

*

ಮೇ 4

ಅಕ್ಕ,

ನಿನ್ನ ಪತ್ರ ಓದಿ ಎಷ್ಟು ಖುಷಿಯಾಯಿತೆಂದರೆ ನಿರ್ದೇಶಕರ ಕೋಣೆಗೆ ಹೋಗಿ ಅವರಿಗೂ ಓದಿ ಹೇಳಿದೆ. ಗೂಡಿನ ಹೊರಗೆ, ಒಂದು ಮನೆಯ ಕೋಳಿಗಳ ಮೇಲೆ ಇದು ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದನ್ನು ನಾವು ನೋಡಿರಲಿಲ್ಲ. ಕೆಂಚಿ ಬಿಸ್ಕತ್ತು ಕದ್ದ ಸಾಲನ್ನು ಅವರು ಮತ್ತೆ ಓದಿಸಿದರು.

ಇನ್ನು ಹೆದರಬೇಕಾದ್ದಿಲ್ಲ. ಪುಡಿ ಎರಡು ತಿಂಗಳು ಮುಂದುವರಿಸು, ಮತ್ತೊಂದು ಪಾರ್ಸಲ್ ಕಳಿಸಿದ್ದೇನೆ. ಮರಿಗೆ ಒಂದು ಬಣ್ಣದ ಪೆನ್ಸಿಲ್ ಡಬ್ಬಿ ಇಟ್ಟಿದ್ದೇನೆ.

ಈ ವಾರ ಕೆಲಸ ಬಹಳ. ಉಳಿದದ್ದು ಆಮೇಲೆ ಬರೆಯುತ್ತೇನೆ.

ಗುಬ್ಬಿ

*

ಜೂನ್ 18

ಗುಬ್ಬಿ,

ನಾನು ಕೇಳಿದ್ದಕ್ಕೆ ನೀನು ಉತ್ತರ ಬರೆಯಲಿಲ್ಲ. ಬರೆಯದಿದ್ದುದೇ ಉತ್ತರ ಎಂದು ತಿಳಿದುಕೊಂಡಿದ್ದೇನೆ. ಇರಲಿ.

ಒಳ್ಳೆಯ ಸುದ್ದಿ ಹೇಳುತ್ತೇನೆ. ಮೇ ಮಧ್ಯದಿಂದ ಮೊಟ್ಟೆ ಶುರುವಾಗಿದೆ. ಉಳಿದ ಒಂಬತ್ತು ಹೇಂಟೆಗಳಲ್ಲಿ ಏಳು ಬಿಡದೆ ಇಡುತ್ತಿವೆ, ಕಾಯಿಲೆಗೆ ಮುಂಚೆಯೂ ಇಷ್ಟು ಇಟ್ಟಿರಲಿಲ್ಲ. ಒಳಗಿನ ಹಳದಿ ಎಂಥ ಬಣ್ಣ ಅಂತೀ. ಮರಿ ಮೊದಲು ಊಟ ಎಂದರೆ ಓಡುತ್ತಿದ್ದಳು, ಈಗ ಬೆಳಿಗ್ಗೆ ಒಂದು, ಸಂಜೆ ಒಂದು ತಿನ್ನುತ್ತಾಳೆ. ತಾನೇ ಹೋಗಿ ಬೆಚ್ಚಗಿರುವಾಗಲೇ ಎತ್ತಿಕೊಂಡು ಬರುತ್ತಾಳೆ. ಹೆದರಬೇಕಾದ್ದಿಲ್ಲ ಎಂದು ನೀನು ಬರೆದ ಮೇಲೆಯೇ ನಾನು ಕೊಡಲು ಶುರು ಮಾಡಿದ್ದು, ಇಲ್ಲದಿದ್ದರೆ ಒಂದನ್ನೂ ಮುಟ್ಟುತ್ತಿರಲಿಲ್ಲ.

ಮಗಳ ಜೊತೆ ಕೆಲಸ ಮಾಡುವವಳು ನಿನ್ನ ಕಡೆ ಬರುತ್ತಿದ್ದಾಳೆ. ಅವಳ ಕೈಯಲ್ಲಿ ಹನ್ನೆರಡು ಮೊಟ್ಟೆ ಕಳಿಸಿದ್ದೇನೆ, ಹೊಟ್ಟಿನಲ್ಲಿ ಹುದುಗಿಸಿ. ನೀನು ಬದುಕಿಸಿದ ಕೋಳಿಯದು, ನೀನೇ ಮೊದಲು ತಿನ್ನಬೇಕಿತ್ತು.

ಅಕ್ಕ

*

ಜೂನ್ 27

ಅಕ್ಕ,

ನಿನ್ನೆ ಫೋನಿನಲ್ಲಿ ನಿನ್ನ ಮಗಳಿಗೆ ಹೇಳಿದ್ದನ್ನೇ ಬರೆದಿಡುತ್ತಿದ್ದೇನೆ. ವೈದ್ಯರಿಗೆ ತೋರಿಸಲು ಈ ಕಾಗದ ಬೇಕಾಗುತ್ತದೆ.

ನಿನ್ನ ಮೊಟ್ಟೆಗಳನ್ನು ನಾನು ತಿನ್ನಲಿಲ್ಲ. ಡಬ್ಬಿಯನ್ನು ಮೇಜಿನ ಮೇಲಿಟ್ಟು ನೋಡುತ್ತಾ ಕೂತೆ. ಆಮೇಲೆ ಪರೀಕ್ಷೆಗೆ ಕೊಟ್ಟೆ. ಹನ್ನೆರಡರಲ್ಲೂ ಸೀಸ ಇದೆ. ಹಳದಿಯಲ್ಲಿ, ಸಿಪ್ಪೆಯಲ್ಲಿ. ನೀನು ಕೊಂಡಾಡಿದ ಆ ಹಳದಿಯಲ್ಲಿಯೇ ಹೆಚ್ಚು.

ನನ್ನ ಪುಡಿ ತುಕ್ಕನ್ನು ತಡೆಯಿತು. ಸೀಸವನ್ನು ಹೊರಗೆ ಹಾಕಲಿಲ್ಲ. ಅದು ಮೂಳೆಯೊಳಗೆ ಹೋಗಿ ಕೂತಿತ್ತು. ಹೇಂಟೆ ಸಿಪ್ಪೆ ಕಟ್ಟಲು ತನ್ನ ಮೂಳೆಯಿಂದ ಸುಣ್ಣ ತೆಗೆಯುತ್ತದೆ. ಸುಣ್ಣದ ಜೊತೆ ಸೀಸವೂ ಎದ್ದು ಬಂತು. ಕಾಯಿಲೆಯ ಕೋಳಿ ಮೊಟ್ಟೆ ಇಡುವುದನ್ನೇ ನಿಲ್ಲಿಸಿತ್ತು. ನಾನು ಅದನ್ನು ಚೇತರಿಸಿ ಮತ್ತೆ ಇಡುವಂತೆ ಮಾಡಿದೆ.

ನಿನ್ನ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. "ಹೆದರಬೇಕಾದ್ದಿಲ್ಲ" ಎಂದು ಬರೆದವಳು ನಾನು. ಕೋಳಿಗಳು ಸಾಯುವುದಿಲ್ಲ ಎಂಬ ಅರ್ಥದಲ್ಲಿ ಬರೆದೆ. ಮೊಟ್ಟೆಯ ಬಗ್ಗೆ ಒಂದು ಸಾಲು ಸೇರಿಸಲಿಲ್ಲ. ಮಾರ್ಚಿನಲ್ಲಿ ಬೇಡ ಎಂದವಳು ಮೇ ತಿಂಗಳಲ್ಲಿ ಅದನ್ನೇ ಮತ್ತೆ ಹೇಳಬೇಕಿತ್ತು.

ಮರಿಯ ರಕ್ತವನ್ನು ನಾಳೆಯೇ ಪರೀಕ್ಷೆಗೆ ಕೊಡಿ. ಸೀಸದ ಪರೀಕ್ಷೆ ಎಂದೇ ಹೇಳಬೇಕು, ಬರೀ ರಕ್ತಪರೀಕ್ಷೆಯಲ್ಲಿ ಅದು ಕಾಣುವುದಿಲ್ಲ. ನೀನೂ ಮಗಳೂ ಕೊಡಿ. ಕೋಳಿಗಳ ವಿಷಯದಲ್ಲಿ ನಗರಸಭೆಯವರಿಗೆ ಪತ್ರ ಬರೆದಿದ್ದೇನೆ, ಅವರು ಬಂದು ತೆಗೆದುಕೊಂಡು ಹೋಗುತ್ತಾರೆ.

ಫೋನಿನಲ್ಲಿ ನಿನ್ನ ಮಗಳ ಹಿಂದೆ ಮಗು ಏನೋ ಹಾಡಿಕೊಳ್ಳುವುದು ಕೇಳಿಸುತ್ತಿತ್ತು. ಪದಗಳು ಸ್ಪಷ್ಟವಾಗಿದ್ದವು. ಒಂದೊಂದನ್ನೂ ಎಣಿಸಿದೆ.

ಗುಬ್ಬಿ

*

ಜುಲೈ 20

ಅಕ್ಕ,

ಮೂರು ವಾರವಾಯಿತು. ನೀನು ಫೋನ್ ಎತ್ತುತ್ತಿಲ್ಲ. ಮಗಳು ಒಂದೇ ಸಾಲು ಸಂದೇಶ ಕಳಿಸಿದಳು, ಮರಿಯ ರಕ್ತದಲ್ಲಿ ಸೀಸ ಇರಬಹುದಾದ ಮಟ್ಟದ ಮೂರು ಪಟ್ಟು ಇದೆ, ಆಸ್ಪತ್ರೆಗೆ ಸೇರಿಸಬೇಕಾದ್ದಿಲ್ಲ ಎಂದು. ಆಮೇಲೆ ಏನೂ ಇಲ್ಲ. ನೀನು ಸಿಟ್ಟಾಗಿರಬೇಕು. ಆಗಿರು. ನಾನು ಹೇಳಬೇಕಾದ್ದು ಹೇಳಿಬಿಡುತ್ತೇನೆ.

ಏಪ್ರಿಲಿನಲ್ಲಿ ನೀನು ಒಂದು ಪದ ಕೇಳಿದೆ. ಹೌದು. ಗುಂಡನಿಗೂ ಸೀಸವೇ. ಸಾಬೀತು ಮಾಡಲು ಈಗ ಏನೂ ಉಳಿದಿಲ್ಲ, ಆದರೆ ನನಗೆ ಅನುಮಾನವಿಲ್ಲ. ಓದುತ್ತಿದ್ದಾಗ ಎರಡನೇ ವರ್ಷ ಒಂದು ಪುಸ್ತಕದಲ್ಲಿ ಲಕ್ಷಣಗಳ ಪಟ್ಟಿ ಬಂತು. ಗ್ರಂಥಾಲಯದಲ್ಲಿ ಕೂತು ಓದುತ್ತಿದ್ದೆ. ನಮ್ಮ ಗುಂಡ ಸಾಲು ಸಾಲಾಗಿ ಅಲ್ಲಿದ್ದ. ನಾನು ಪುಸ್ತಕ ಮುಚ್ಚಿ ಹೊರಗೆ ಬಂದೆ. ಅಪ್ಪ ಆಗ ಬದುಕಿದ್ದರು. ಅವರಿಗೆ ಹೇಳುವುದು ಹೇಗೆ? ಅಮ್ಮನಿಗೆ ಹೇಳುವುದು ಹೇಗೆ? ನಿನಗೂ ಹೇಳಲಿಲ್ಲ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಹಿತ್ತಿಲ ಕೋಳಿಗಳು ಆಗಲೂ ಆ ಮಣ್ಣನ್ನೇ ಕೆದಕುತ್ತಿದ್ದವು. ಅಮ್ಮ ಬೆಳಿಗ್ಗೆ ನಮಗೆ ತಲೆಗೊಂದು ಮೊಟ್ಟೆ ಬೇಯಿಸಿ ಇಡುತ್ತಿದ್ದಳು. ನನ್ನದನ್ನು ನಾನು ತಿನ್ನುತ್ತಿರಲಿಲ್ಲ. ಅವನು ಬಿಳಿಚಿಕೊಂಡಿದ್ದಾನೆ, ಅವನಿಗೆ ಬೇಕು ಎಂದು ಮೇಜಿನ ಕೆಳಗಿಂದ ಅವನ ಕೈಗೆ ಕೊಡುತ್ತಿದ್ದೆ. ಅವನು ಯಾರಿಗೂ ಕಾಣದ ಹಾಗೆ ಒಮ್ಮೆಗೇ ಬಾಯಿಗೆ ತುಂಬಿಕೊಂಡು ನನ್ನನ್ನು ನೋಡಿ ನಗುತ್ತಿದ್ದ. ಐದು ವರ್ಷ, ದಿನಾ ಬೆಳಿಗ್ಗೆ. ಮಾತೆಲ್ಲ ಹೋದ ಮೇಲೂ ಆ ನಗು ಇತ್ತು. ನಾನು ಕೈ ಚಾಚುವ ಮೊದಲೇ ಅವನ ಅಂಗೈ ಕಾಯುತ್ತಿರುತ್ತಿತ್ತು.

ಅವನು ಹೋದ ದಿನದಿಂದ ನಾನು ಮೊಟ್ಟೆ ತಿಂದಿಲ್ಲ. ನಮ್ಮ ಕೇಂದ್ರದಲ್ಲಿ ಮೊಟ್ಟೆ ಕೋಳಿಗಳ ವಿಭಾಗ ನಮ್ಮ ಕಟ್ಟಡದ ಎದುರಿಗೇ ಇದೆ. ಇಪ್ಪತ್ತಾರು ವರ್ಷದಲ್ಲಿ ನಾನು ಆ ಬಾಗಿಲು ದಾಟಿಲ್ಲ. ಮಾಂಸದ ಮರಿಗಳನ್ನೇ ಆರಿಸಿಕೊಂಡೆ, ಅವು ಆರು ವಾರಕ್ಕೆ ಮುಗಿಯುತ್ತವೆ, ಮೊಟ್ಟೆ ಇಡುವಷ್ಟು ಬದುಕುವುದಿಲ್ಲ. ಸೀಸ ತಿಂದ ಹೇಂಟೆಯನ್ನು ಚೇತರಿಸಿದರೆ ಅದರ ಮೊಟ್ಟೆಯಲ್ಲಿ ಏನಿರುತ್ತದೆ ಎಂದು ನಾನು ಒಮ್ಮೆ ಕೇಳಿಕೊಂಡಿದ್ದರೂ ಸಾಕಿತ್ತು, ನಿನ್ನ ಮರಿಗೆ ಇದಾಗುತ್ತಿರಲಿಲ್ಲ. ಆ ಪ್ರಶ್ನೆ ಎಲ್ಲಿಂದ ಶುರುವಾಗುತ್ತದೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ.

ಬರೆದು ಮುಗಿಸಿದೆ. ಕಳಿಸಬಾರದು ಎನ್ನಿಸುವ ಮೊದಲು ಅಂಚೆಗೆ ಹಾಕಬೇಕು.

ಗುಬ್ಬಿ

*

ಆಗಸ್ಟ್ 9

ಗುಬ್ಬಿ,

ಸಿಟ್ಟಲ್ಲ. ಮೊದಲ ವಾರ ಸಿಟ್ಟಿತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ಆಸ್ಪತ್ರೆ, ಮನೆ, ಆಸ್ಪತ್ರೆ. ಮರಿಯ ಸೂಜಿ ಚುಚ್ಚಿದ ಕೈ ಹಿಡಿದುಕೊಂಡು ಕೂತಾಗ ಪೆನ್ನು ಹಿಡಿಯಲು ಆಗಲಿಲ್ಲ.

ವೈದ್ಯೆ ಒಳ್ಳೆಯವಳು, ನಿನ್ನ ಕಾಗದವನ್ನು ಎರಡು ಸಲ ಓದಿದಳು. "ಬೇಗ ಹಿಡಿದಿದ್ದೀರಿ. ಒಳಗೆ ಹೋಗೋದು ನಿಂತರೆ ತಾನಾಗೇ ಇಳಿಯುತ್ತೆ. ಇದನ್ನ ಬರೆದವರು ನಿಮಗೇನಾಗಬೇಕು?" ಎಂದಳು. ತಂಗಿ ಎಂದೆ. ಹಾಲು, ಕಬ್ಬಿಣದ ಔಷಧ, ತಿಂಗಳಿಗೊಮ್ಮೆ ಪರೀಕ್ಷೆ. ನಿನ್ನೆ ಎರಡನೆಯದು ಬಂತು, ಮೂರನೇ ಒಂದು ಭಾಗ ಇಳಿದಿದೆ. ನನ್ನದೂ ಮಗಳದ್ದೂ ಚಿಂತೆ ಮಾಡುವಷ್ಟಿಲ್ಲ. ಮರಿ ಮಾತಾಡುತ್ತಾಳೆ, ನಾವು ಸಾಕಪ್ಪ ಎನ್ನುವಷ್ಟು. ಅವಳು ಒಂದು ಪದ ತಡವರಿಸಿದರೂ ಮಗಳೂ ನಾನೂ ಮುಖ ಮುಖ ನೋಡಿಕೊಳ್ಳುತ್ತೇವೆ. ಇದು ಇನ್ನೆಷ್ಟು ವರ್ಷವೋ.

ಕೋಳಿಗಳನ್ನು ಒಯ್ದರು. ಬೇರೆಯವರ ಕೈಗೆ ಅವು ಸಿಗುವುದಿಲ್ಲ, ನಾನೇ ಒಂದೊಂದನ್ನು ಹಿಡಿದು ಕೊಟ್ಟೆ. ಬಂದವನು, "ಎಷ್ಟು ಚೆನ್ನಾಗಿದಾವಲ್ಲಮ್ಮ, ಇವಕ್ಕೇನಾಗಿದೆ?" ಎಂದ. ನಿಜವಾಗಿ ಚೆನ್ನಾಗಿದ್ದವು. ರೆಕ್ಕೆ ಮಿರಮಿರ ಮಿಂಚುತ್ತಿತ್ತು. ಏನೂ ಆಗಿಲ್ಲಪ್ಪ ಎಂದುಬಿಟ್ಟೆ. ಹಿತ್ತಿಲ ಮಣ್ಣನ್ನು ಮುಂದಿನ ತಿಂಗಳು ಮೂರಡಿ ತೆಗೆದು ಡ್ರಮ್ಮುಗಳಲ್ಲಿ ಸಾಗಿಸುತ್ತಾರಂತೆ.

ಈಗ ನಿನ್ನ ಮಾತು. ಅಡುಗೆಮನೆಯ ಕಟ್ಟೆಯ ಮುಂದೆ ನಿಂತು ಓದಿದೆ, ಒಲೆ ಆರಿಸಿ ಮತ್ತೆ ಓದಿದೆ.

ಗುಬ್ಬಿ, ನೀನು ಕೊಡುತ್ತಿದ್ದುದು ನನಗೆ ಕಾಣುತ್ತಿತ್ತು. ಮೇಜು ಅಷ್ಟು ದೊಡ್ಡದೇನೂ ಇರಲಿಲ್ಲ. ಒಂಬತ್ತು ವರ್ಷದ ಹುಡುಗಿ ತನ್ನ ಪಾಲು ಬಿಟ್ಟುಕೊಡುತ್ತಾಳೆ, ನಾನು ಹದಿನೈದರವಳು ತಿಂದುಕೊಂಡು ಕೂತಿದ್ದೇನಲ್ಲ ಎಂದು ನಾಚಿಕೆಯಾಯಿತು. ಅವತ್ತಿನಿಂದ ನನ್ನದನ್ನೂ ಅವನಿಗೆ ಕೊಟ್ಟೆ. ನೀವೆಲ್ಲ ಎದ್ದ ಮೇಲೆ ತಟ್ಟೆ ತೊಳೆಯುವ ನೆಪದಲ್ಲಿ. ಅಮ್ಮ ಒಂದು ದಿನ ನನ್ನನ್ನು ಹಿಡಿದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ನನ್ನ ಕೆನ್ನೆ ಸವರಿ, "ನಾನೂ ನನ್ನದನ್ನ ಅವನಿಗೇ ಇಡೋದು, ನಿಮ್ಮಪ್ಪನಿಗೆ ಹೇಳಬೇಡ," ಎಂದಳು. ಅಪ್ಪ ಕೆಲಸದಿಂದ ಬಂದು ತಮ್ಮ ಬುತ್ತಿಯ ಮೊಟ್ಟೆಯನ್ನು ಮುಟ್ಟದೆ ವಾಪಸ್ ತಂದು, ಯಾರಿಗೂ ಕಾಣದಂತೆ ಅವನನ್ನು ಷೆಡ್ಡಿಗೆ ಕರೆದೊಯ್ಯುತ್ತಿದ್ದುದು ನನಗೆ ಗೊತ್ತು. ಏಕೆ ಕರೆದೊಯ್ಯುತ್ತಿದ್ದರು ಎಂದು ಈಗ ಗೊತ್ತಾಗುತ್ತಿದೆ.

ಅವನು ದಿನಕ್ಕೆ ಐದು ತಿನ್ನುತ್ತಿದ್ದ. ಆ ಮನೆಯಲ್ಲಿ ನಾವು ನಾಲ್ಕು ಜನ, ಒಬ್ಬರಿಗೊಬ್ಬರು ತಿಳಿಯದ ಹಾಗೆ, ಅವನೊಬ್ಬನನ್ನು ಉಳಿಸಿಕೊಳ್ಳುತ್ತಿದ್ದೆವು.

ನಾವು ನಾಲ್ವರೂ ಸ್ವಲ್ಪದರಲ್ಲಿ ಉಳಿದೆವು, ಅದೂ ಇದಕ್ಕೇ ಇರಬೇಕು. ನಮ್ಮ ಪಾಲಿನದನ್ನೂ ಅವನೇ ತಿಂದ.

ಅಮ್ಮ ಸತ್ತ ದಿನ, ಗುಂಡ ಹೋದಾಗಲೂ ನಿನ್ನ ಕಣ್ಣಲ್ಲಿ ನೀರು ಬರಲಿಲ್ಲ ಎಂದು ನಾನು ಎಲ್ಲರೆದುರು ಅಂದೆ. ಅದನ್ನು ಹೊಡೆದು ಹಾಕಲು ಆಗುವುದಿಲ್ಲ. ಆಗಿದ್ದರೆ ಹಾಕುತ್ತಿದ್ದೆ.

ಯಾವುದು ಅವನನ್ನು ಕೊಂದಿತು? ನೀನು ಕೊಟ್ಟದ್ದೋ, ನಾನು ಕೊಟ್ಟದ್ದೋ, ಅಪ್ಪನ ಕೈಯೋ, ಅವನು ತೆವಳಿದ ಮಣ್ಣೋ? ನಿನ್ನ ವಿದ್ಯೆ ಇದನ್ನು ಹೇಳಬಲ್ಲದಾ? ಹೇಳಬಲ್ಲದಾದರೆ ನನಗೆ ಬೇಡ.

ನಿನ್ನ
ಅಕ್ಕ

*

ಆಗಸ್ಟ್ 17

ಅಕ್ಕ,

ಹೇಳಲಾಗುವುದಿಲ್ಲ. ಯಾರಿಂದಲೂ ಆಗುವುದಿಲ್ಲ. ಇದೊಂದನ್ನು ನಾನು ಖಚಿತವಾಗಿ ಹೇಳಬಲ್ಲೆ.

ನಿನ್ನ ಪತ್ರವನ್ನು ಕೇಂದ್ರಕ್ಕೆ ತೆಗೆದುಕೊಂಡು ಹೋಗಿದ್ದೆ. ಯಾಕೆಂದು ಗೊತ್ತಿಲ್ಲ, ಮನೆಯಲ್ಲಿ ಒಬ್ಬಳೇ ಅದರ ಜೊತೆ ಇರಲಾಗಲಿಲ್ಲ. ಮಧ್ಯಾಹ್ನ ನಿರ್ದೇಶಕರ ಕೋಣೆಗೆ ಹೋಗಿ, ಮುಂದಿನ ಪ್ರಯೋಗವನ್ನು ಮೊಟ್ಟೆ ಇಡುವ ಹೇಂಟೆಗಳ ಮೇಲೆ ಮಾಡಬೇಕು, ಈಗ ಬರೆಯುತ್ತಿರುವ ವರದಿಯನ್ನು ಅಲ್ಲಿಯವರೆಗೆ ನಿಲ್ಲಿಸಬೇಕು ಎಂದೆ. ನಮ್ಮ ಪುಡಿ ಕೋಳಿಯನ್ನು ಕಾಯುತ್ತದೆ, ಅದನ್ನು ತಿನ್ನುವವರನ್ನು ಕಾಯುವುದಿಲ್ಲ, ಈ ಮಾತು ವರದಿಯ ಮೊದಲ ಪುಟದಲ್ಲಿರಬೇಕು ಎಂದೆ. ಅವರು ಕನ್ನಡಕ ತೆಗೆದರು. ಆರು ವರ್ಷದ ಕೆಲಸ, ಮೇವಿನ ಕಂಪನಿಯವರು ಪುಡಿಗಾಗಿ ಬಾಗಿಲಲ್ಲಿ ನಿಂತಿದ್ದಾರೆ, ಈಗ ಏಕೆ ಎಂದು ಕೇಳಿದರು.

ನಾನು ಲೆಕ್ಕಪಟ್ಟಿಗಳನ್ನು ಸಿದ್ಧ ಮಾಡಿಕೊಂಡು ಹೋಗಿದ್ದೆ. ನಿನ್ನ ಹನ್ನೆರಡು ಮೊಟ್ಟೆಗಳ ಫಲಿತಾಂಶ ಕೈಯಲ್ಲೇ ಇತ್ತು. ಅದನ್ನು ಮುಂದೆ ಇಡುವ ಬದಲು, "ಸರ್, ನನಗೊಬ್ಬ ತಮ್ಮ ಇದ್ದ," ಎಂದೆ.

ಇಪ್ಪತ್ತಾರು ವರ್ಷ ಅವರ ಎದುರಿನ ಕೋಣೆಯಲ್ಲಿ ಕೂತಿದ್ದೇನೆ. ಈ ಕಟ್ಟಡದಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಅವರು ಎದ್ದು ಬಾಗಿಲು ಮುಚ್ಚಿ ಬಂದರು. "ಕೂತ್ಕೊಳ್ಳಿ. ಎಷ್ಟು ವರ್ಷದವನು?" ಎಂದು ಕೇಳಿದರು.

ಸಂಜೆಯ ಗಂಟೆ ಹೊಡೆಯುವವರೆಗೂ ಹೇಳುತ್ತಲೇ ಇದ್ದೆ. ಅವನು ಹೇಗೆ ನಗುತ್ತಿದ್ದ ಎನ್ನುವುದರಿಂದ ಶುರು ಮಾಡಿದೆ.

ಗುಬ್ಬಿ